ಹೊಲದ ಮೇಲೆ ಹೈಟೆನ್ಷನ್ ಮಾರ್ಗ, ಹೊಲದ ಕೆಳಗೆ ಪೈಪ್‌ಲೈನ್: ಕಂಪನಿಯವರು ಒಳಗೆ ಬರಲು ಕೇಳಿದಾಗ ಭೂಮಾಲೀಕರ ಹಕ್ಕು ಏನು?

ಬಯಲುಸೀಮೆ ಕೃಷಿಕ:

ಎಲ್ಲರಿಗೂ ನಮಸ್ಕಾರ. ನಮ್ಮ ಜಮೀನಿನ ಮೇಲೆ 220 ಕೆವಿ (ಕಿಲೋವೋಲ್ಟ್) ವಿದ್ಯುತ್ ಪ್ರಸರಣ ಮಾರ್ಗ ಹಾದು ಹೋಗಲಿದೆ. ಇದು ನಮಗೆ ಗೊತ್ತಾದದ್ದು ನೋಟಿಸಿನಿಂದಲ್ಲ. ಬೆಳಿಗ್ಗೆ ಹೊಲಕ್ಕೆ ಹೋದಾಗ ಬದುವಿನ ಕಲ್ಲಿಗೆ ಕೆಂಪು ಬಣ್ಣ ಬಳಿದಿತ್ತು, ರಾಗಿ ಪೈರಿನ ನಡುವೆ ಗೂಟಗಳನ್ನು ಹೊಡೆದು ಸುಣ್ಣದಲ್ಲಿ ಒಂದು ಚೌಕ ಗುರುತು ಮಾಡಿದ್ದರು. ಆ ಚೌಕದಲ್ಲಿ ಗೋಪುರದ ಕಾಲುಗಳು ಬರುತ್ತವೆ ಎಂದು ಗುತ್ತಿಗೆದಾರರ ಕಡೆಯವರು ಆಮೇಲೆ ಹೇಳಿದರು. ಅದರ ಪಕ್ಕದ ಹಿಸ್ಸಾದಲ್ಲಿ ಗೋಪುರ ಇಲ್ಲ, ತಂತಿ ಮಾತ್ರ ಹಾದು ಹೋಗುತ್ತದೆಯಂತೆ. ಆದರೆ ಆ ಪಟ್ಟಿಯಲ್ಲಿ ನಮ್ಮ ತಂದೆಯವರು ನೆಟ್ಟ ತೆಂಗಿನ ಮರಗಳಿವೆ.

ನಂತರ ಒಂದು ಅಚ್ಚಾದ ಒಪ್ಪಿಗೆ ಪತ್ರ ತಂದು ಸಹಿ ಕೇಳಿದರು. ಅದರಲ್ಲಿ ಸರ್ವೆ ನಂಬರಿನ ಜಾಗ ಖಾಲಿ, ವಿಸ್ತೀರ್ಣದ ಜಾಗ ಖಾಲಿ, ಪರಿಹಾರದ ಮೊತ್ತದ ಜಾಗವೂ ಖಾಲಿ. ಕೊನೆಯ ಸಾಲು ಮಾತ್ರ ಪೂರ್ತಿಯಾಗಿ ಅಚ್ಚಾಗಿತ್ತು: "ಮುಂದೆ ಯಾವುದೇ ತಕರಾರು ಇರುವುದಿಲ್ಲ." ನಾವು ಸಹಿ ಹಾಕಿಲ್ಲ. ಸಹಿ ಹಾಕದಿದ್ದರೂ ಕೆಲಸ ನಿಲ್ಲುವುದಿಲ್ಲ, ಪೊಲೀಸರನ್ನು ಕರೆದುಕೊಂಡು ಬರುತ್ತೇವೆ ಎಂದು ಹೇಳಿ ಹೋಗಿದ್ದಾರೆ.

ನಮ್ಮ ಭೂಮಿಗೆ ನಮ್ಮ ಅನುಮತಿಯಿಲ್ಲದೆ ಬರುವ ಅಧಿಕಾರ ಇವರಿಗೆ ನಿಜವಾಗಿಯೂ ಇದೆಯೇ? ಇದ್ದರೆ ನಮಗೆ ಉಳಿದಿರುವ ಹಕ್ಕು ಯಾವುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಜಿಲ್ಲಾ ನ್ಯಾಯಾಲಯದ ವಕೀಲ:

ತಾವು ಸಹಿ ಹಾಕದೆ ಇದ್ದದ್ದು ಸರಿಯಾಗಿದೆ. ಖಾಲಿ ಜಾಗಗಳಿರುವ ಯಾವ ಪತ್ರಕ್ಕೂ, ಅದು ಎಷ್ಟೇ ಸಾಮಾನ್ಯವಾದ ಫಾರಂ ಎಂದು ಹೇಳಿದರೂ, ಸಹಿ ಹಾಕಬೇಡಿ.

ತಮ್ಮ ಮೊದಲ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಸಾಧ್ಯವಿಲ್ಲ, ಏಕೆಂದರೆ ಉತ್ತರವೆಲ್ಲ ಬಂದವರ ಕೈಯಲ್ಲಿರುವ ಆದೇಶದ ಮೇಲೆ ನಿಂತಿದೆ. 2003ರ ವಿದ್ಯುತ್ ಕಾಯ್ದೆಯಲ್ಲಿ ಖಾಸಗಿ ಜಮೀನಿನೊಳಗೆ ಬರಲು ಎರಡು ದಾರಿಗಳಿವೆ, ಮತ್ತು ಆ ಎರಡರಲ್ಲಿ ಭೂಮಾಲೀಕರ ಸ್ಥಾನ ತೀರಾ ಬೇರೆ ಬೇರೆ.

ಮೊದಲನೆಯದು ಸೆಕ್ಷನ್ 67 ಮತ್ತು ಅದರಡಿ ಬಂದ 2006ರ ಪರವಾನಗಿದಾರರ ಕಾಮಗಾರಿ ನಿಯಮಗಳ ದಾರಿ. ಆ ನಿಯಮಗಳ 3ನೇ ನಿಯಮದ ಪ್ರಕಾರ ಪರವಾನಗಿ ಪಡೆದ ಕಂಪನಿಯು ಜಮೀನಿನ ಮಾಲೀಕರ ಅಥವಾ ಅನುಭವದಲ್ಲಿರುವವರ ಪೂರ್ವಾನುಮತಿ ಪಡೆದೇ ಕಂಬ, ತಂತಿ ಹಾಕಬೇಕು. ಮಾಲೀಕರು ಆಕ್ಷೇಪಿಸಿದರೆ ಕಂಪನಿಯು ಜಿಲ್ಲಾ ದಂಡಾಧಿಕಾರಿಗಳ (ಅಂದರೆ ಜಿಲ್ಲಾಧಿಕಾರಿಗಳ), ಪೊಲೀಸ್ ಆಯುಕ್ತರ ಅಥವಾ ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಅನುಮತಿ ತರಬೇಕು. ಹಾಗೆ ಅನುಮತಿ ಕೊಡುವ ಅಧಿಕಾರಿಯು ಎರಡೂ ಕಡೆಯ ಮಾತು ಕೇಳಿ ಪರಿಹಾರವನ್ನೋ ವಾರ್ಷಿಕ ಬಾಡಿಗೆಯನ್ನೋ ಅಥವಾ ಎರಡನ್ನೂ ಅದೇ ಆದೇಶದಲ್ಲಿ ನಿಗದಿ ಮಾಡಬೇಕು, ಮತ್ತು ಆ ಆದೇಶವನ್ನು ವಿದ್ಯುತ್ ನಿಯಂತ್ರಣ ಆಯೋಗವು ಪುನರ್‌ಪರಿಶೀಲಿಸಬಹುದು.

ಎರಡನೆಯದು ಸೆಕ್ಷನ್ 164ರ ದಾರಿ. ಸರ್ಕಾರವು ಲಿಖಿತ ಆದೇಶದ ಮೂಲಕ, 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಟೆಲಿಗ್ರಾಫ್ ಪ್ರಾಧಿಕಾರಕ್ಕಿದ್ದ ಅಧಿಕಾರವನ್ನು ಪ್ರಸರಣ ಕಂಪನಿಗೆ ಕೊಡಬಹುದು. ಈ ಆದೇಶ ಕೈಯಲ್ಲಿದ್ದರೆ ಮಾಲೀಕರ ಪೂರ್ವಾನುಮತಿ ಬೇಕಿಲ್ಲ. ಸೆಕ್ಷನ್ 164ರ ಅಧಿಕಾರಕ್ಕೆ ಈ ನಿಯಮಗಳು ಅಡ್ಡಿಯಲ್ಲ ಎಂದು 2006ರ ನಿಯಮಗಳೇ ಹೇಳುತ್ತವೆ. ಪವರ್ ಗ್ರಿಡ್ ನಿಗಮ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿರುವುದರಿಂದ ಹಳೆಯ ಅಧಿಕಾರ ಹೋಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಹೋಗಿಲ್ಲ. ವಿದ್ಯುತ್ ಪ್ರಸರಣ ಮಾರ್ಗಗಳ ಮಟ್ಟಿಗೆ ಹಳೆಯ ಕಾಯ್ದೆಯ ಮೂರನೇ ಭಾಗ ಮುಂದುವರಿಯುತ್ತದೆ ಎಂದು ಹೊಸ ಕಾಯ್ದೆಯೇ ಹೇಳುತ್ತದೆ.

ಆದ್ದರಿಂದ ತಾವು ಮೊದಲು ಮಾಡಬೇಕಾದ ಕೆಲಸವೆಂದರೆ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪತ್ರ ಬರೆದು, ಈ ಮಾರ್ಗಕ್ಕೆ ಸೆಕ್ಷನ್ 68ರಡಿ ಸರ್ಕಾರದ ಅನುಮೋದನೆ ಆಗಿದೆಯೇ, ಸೆಕ್ಷನ್ 164ರ ಆದೇಶ ಇದೆಯೇ, ಇದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಏನು, ಆ ಆದೇಶದಲ್ಲಿರುವ ಮಾರ್ಗ ಇದೇ ಹೌದೇ ಎಂದು ಕೇಳುವುದು. ಅದರ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಮುದ್ರೆ ಪಡೆಯಿರಿ. ಕಂಪನಿ ಉತ್ತರಿಸದಿದ್ದರೆ ಸರ್ಕಾರದ ಇಂಧನ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನಗಳ ಒಳಗೆ ಉತ್ತರ ಕೊಡಬೇಕು.

ತೋಟಗಾರ್ತಿ:

ವಕೀಲರೇ, ತಾವು ಬರೆದದ್ದನ್ನು ಓದಿ ನನಗೆ ಸಮಾಧಾನವಾಗಲಿಲ್ಲ. ಸೆಕ್ಷನ್ 164ರ ಆದೇಶ ಇದ್ದರೆ ಕೇಳುವವರೇ ಇಲ್ಲ ಎಂದಾದರೆ, ಹಕ್ಕು ಎಂಬುದು ಕಾಗದದಲ್ಲಿ ಮಾತ್ರ ಉಳಿಯಿತಲ್ಲವೇ? ನಮ್ಮ ಅಡಿಕೆ ತೋಟದಲ್ಲಿ ಇದೇ ರೀತಿ ಮಾರ್ಗ ಹೋಯಿತು. ಮರ ಕಡಿಯುವಾಗ ಪ್ರತಿ ಮರಕ್ಕೂ ಸಂಖ್ಯೆ ಬರೆದಿದ್ದರು, ಆದರೆ ಕಡಿದ ಮೇಲೆ ಸಂಖ್ಯೆ ಬರೆದ ಕಾಂಡಗಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದರು. ಪರಿಹಾರದ ಪಟ್ಟಿ ಬಂದಾಗ ಫಸಲು ಕೊಡುವ ಮರಗಳಲ್ಲಿ ಎಷ್ಟೋ ಎಳೆಯ ಗಿಡಗಳ ಸಾಲಿಗೆ ಸೇರಿದ್ದವು. ಅಡಿಕೆಯ ಬುಡದಲ್ಲಿ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿಯ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ. ತೋರಿಸಿ ಸಾಬೀತು ಮಾಡೋಣವೆಂದರೆ ಮರವೇ ಇಲ್ಲ. ಕಾನೂನಿನಲ್ಲಿ ನಮಗೆ ಏನಿದೆ ಎಂದು ಹೇಳುವವರು, ಕಡಿದ ಮೇಲೆ ಅದನ್ನು ಯಾವ ಆಧಾರದಿಂದ ಪಡೆಯಬೇಕು ಎಂಬುದನ್ನೂ ಹೇಳಬೇಕು.

ಜಿಲ್ಲಾ ನ್ಯಾಯಾಲಯದ ವಕೀಲ:

ತಮ್ಮ ಮಾತು ನ್ಯಾಯವಾದದ್ದು. ಕೆಲಸವನ್ನು ತಡೆಯುವ ಹಕ್ಕು ಮತ್ತು ಪೂರ್ಣ ಪರಿಹಾರ ಪಡೆಯುವ ಹಕ್ಕು ಬೇರೆ ಬೇರೆ. ಸೆಕ್ಷನ್ 164 ಮೊದಲನೆಯದನ್ನು ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 10 ಕಂಪನಿಗೆ ಕೊಡುವುದು ಬಳಕೆಯ ಹಕ್ಕನ್ನು ಮಾತ್ರ, ಒಡೆತನವನ್ನಲ್ಲ. ಪಹಣಿಯಲ್ಲಿ ಹೆಸರು ತಮ್ಮದೇ ಇರುತ್ತದೆ. ಅದೇ ಸೆಕ್ಷನ್, ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು ಮತ್ತು ಆದ ಹಾನಿಗೆ ಹಿತಾಸಕ್ತಿಯುಳ್ಳ ಎಲ್ಲರಿಗೂ ಪೂರ್ಣ ಪರಿಹಾರ ಕೊಡಬೇಕು ಎಂದೂ ವಿಧಿಸುತ್ತದೆ.

ಮಾಲೀಕರು ಅಡ್ಡಿಪಡಿಸಿದರೆ ಕಂಪನಿಯು ಸೆಕ್ಷನ್ 16(1)ರಡಿ ಜಿಲ್ಲಾ ದಂಡಾಧಿಕಾರಿಗಳ ಬಳಿ ಹೋಗಬೇಕು. ಅಲ್ಲಿ ತಮ್ಮ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಸಲ್ಲಿಸಿ, ಗೋಪುರವನ್ನು ಬದುವಿಗೆ ಸರಿಸಲು ಸಾಧ್ಯ ಎಂಬಂಥ ನಿರ್ದಿಷ್ಟ ಬೇಡಿಕೆ ಇಡಬಹುದು. ದಂಡಾಧಿಕಾರಿಗಳ ಆದೇಶವಾದ ಮೇಲೆ ದೈಹಿಕವಾಗಿ ತಡೆಯುವುದು ಅಪರಾಧವಾಗುತ್ತದೆ. ಅದನ್ನು ಯಾರೂ ಮಾಡಬಾರದು. ಆದರೆ ಅಂಥ ಆದೇಶವೇ ಇಲ್ಲದೆ, ಕೇವಲ ಪೊಲೀಸರ ಹೆಸರು ಹೇಳಿ ಹೆದರಿಸಿದರೆ, ಆದೇಶದ ಪ್ರತಿಯನ್ನು ಕೇಳುವ ಹಕ್ಕು ತಮಗೆ ಖಂಡಿತವಾಗಿ ಇದೆ.

ಪರಿಹಾರ ಸಾಲದು ಎಂದಾದರೆ ಸೆಕ್ಷನ್ 16(3)ರಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಸಲ್ಲಿಸಬೇಕು. ಇದಕ್ಕೆ ಮೂರು ವರ್ಷಗಳ ಕಾಲಮಿತಿ ಇದೆ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಚೆಕ್ ಪಡೆದ ಮೇಲೆ ಏನೂ ಮಾಡಲಾಗದು ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ರೈತರು ಈ ಅವಧಿಯನ್ನು ಕಳೆದುಕೊಳ್ಳುತ್ತಾರೆ. ಹಣ ಪಡೆಯುವಾಗ "ಆಕ್ಷೇಪಣೆಯನ್ನು ಕಾಯ್ದಿರಿಸಿ ಸ್ವೀಕರಿಸಿದ್ದೇನೆ" ಎಂದು ರಸೀದಿಯಲ್ಲೇ ಬರೆದು ಸಹಿ ಮಾಡಿ. ಮರಗಳ ಬೆಲೆ ಮಾತ್ರವಲ್ಲ, ಜಮೀನಿನ ಮೌಲ್ಯ ಎಷ್ಟು ಕುಸಿಯಿತು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೇರಳದ ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ಜಮೀನು ಎಲ್ಲಿದೆ, ತಂತಿ ಎಷ್ಟು ದೂರದಲ್ಲಿದೆ, ಅಂಚಿನಲ್ಲಿ ಹಾದು ಹೋಗುತ್ತದೆಯೇ ಅಥವಾ ಚಿಕ್ಕ ಹಿಡುವಳಿಯ ನಟ್ಟನಡುವೆ ಹಾದು ಹೋಗುತ್ತದೆಯೇ ಎಂಬುದನ್ನೆಲ್ಲ ಪರಿಗಣಿಸಬೇಕು ಎಂದಿದೆ. ಒಂದು ಎಕರೆಯ ಮಾಲೀಕನ ನಷ್ಟವೂ ಹತ್ತು ಎಕರೆಯ ಮಾಲೀಕನ ನಷ್ಟವೂ ತಂತಿಯ ಉದ್ದ ಒಂದೇ ಆಗಿದ್ದರೂ ಒಂದೇ ಆಗಿರುವುದಿಲ್ಲ.

ನಿವೃತ್ತ ಪ್ರಸರಣ ಇಂಜಿನಿಯರ್:

ಮಾರ್ಗ ಎಳೆಯುವ ಕೆಲಸದಲ್ಲಿ ದೀರ್ಘ ಕಾಲ ಇದ್ದವನಾಗಿ ಕೆಲವು ಮಾತು ಹೇಳುವುದು ಉಪಯುಕ್ತವೆಂದು ಭಾವಿಸುತ್ತೇನೆ. ತಂತಿಯ ಕೆಳಗೆ ಬಿಡಬೇಕಾದ ಕಾರಿಡಾರಿನ ಅಗಲ ವೋಲ್ಟೇಜಿಗೆ ತಕ್ಕಂತೆ ಇರುತ್ತದೆ. 66 ಕೆವಿ ಮಾರ್ಗಕ್ಕೆ 18 ಮೀಟರ್, 220 ಕೆವಿಗೆ 35 ಮೀಟರ್, 400 ಕೆವಿಗೆ 46 ಮೀಟರ್. ಗಾಳಿಗೆ ತಂತಿ ಪಕ್ಕಕ್ಕೆ ಓಲಾಡುತ್ತದೆ, ಬಿಸಿಲಿಗೂ ಹೊರೆಗೂ ಜೋತು ಬೀಳುತ್ತದೆ. ಆ ಎಲ್ಲ ಸ್ಥಿತಿಗಳಲ್ಲೂ ಮರಕ್ಕೋ ಕಟ್ಟಡಕ್ಕೋ ಸುರಕ್ಷಿತ ಅಂತರ ಉಳಿಯಬೇಕೆಂಬ ಕಾರಣಕ್ಕೆ ಇಷ್ಟು ಅಗಲ. ರಾಗಿ, ಜೋಳ, ತರಕಾರಿಯಂಥ ಬೆಳೆಗೆ ತೊಂದರೆಯಿಲ್ಲ. ತೆಂಗು ಉಳಿಯುವುದಿಲ್ಲ, ಮನೆ ಕಟ್ಟಲು ಬಿಡುವುದಿಲ್ಲ.

ಗೋಪುರದ ಸ್ಥಳ ಬದಲಿಸಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮಾರ್ಗ ತಿರುವು ಪಡೆಯುವ ಜಾಗದ ಕೋನ ಗೋಪುರವನ್ನು ಸರಿಸಿದರೆ ಎರಡೂ ಕಡೆಯ ಮಾರ್ಗ ಬದಲಾಗುತ್ತದೆ, ಆದ್ದರಿಂದ ಕಂಪನಿ ಸುಲಭವಾಗಿ ಒಪ್ಪುವುದಿಲ್ಲ. ಆದರೆ ನೇರ ಗೆರೆಯ ಮೇಲೆ ಬರುವ ಸಾಮಾನ್ಯ ಗೋಪುರವನ್ನು ಅದೇ ಗೆರೆಯಲ್ಲಿ ಕೆಲವು ಮೀಟರ್ ಹಿಂದೆ ಮುಂದೆ ಮಾಡಿ ಬದುವಿನ ಹತ್ತಿರಕ್ಕೆ ತರಲು ಎಷ್ಟೋ ಸಲ ಅವಕಾಶ ಇರುತ್ತದೆ. ಈ ಮನವಿಯನ್ನು ಅಡಿಪಾಯದ ಗುಂಡಿ ತೆಗೆಯುವ ಮೊದಲೇ ಕೊಡಬೇಕು. ಕಾಂಕ್ರೀಟ್ ಬಿದ್ದ ಮೇಲೆ ಬರುವ ಅರ್ಜಿಗೆ ಯಾವ ಇಂಜಿನಿಯರೂ ಒಳ್ಳೆಯ ಉತ್ತರ ಕೊಡಲಾರ.

ಕೃಷಿಕರೇ, ತಾವು ನೋಡಿದ ಸುಣ್ಣದ ಚೌಕ ಕೇವಲ ಕಾಲುಗಳ ಜಾಗ. ಕೆಲಸದ ಸಮಯದಲ್ಲಿ ಕಬ್ಬಿಣದ ರಾಶಿ, ಜಲ್ಲಿ, ಮಿಕ್ಸರ್, ಟ್ರ್ಯಾಕ್ಟರ್ ಓಡಾಟ ಎಲ್ಲ ಸೇರಿ ಅದರ ಹಲವು ಪಟ್ಟು ಜಾಗದ ಪೈರು ಹಾಳಾಗುತ್ತದೆ. ತಂತಿ ಎಳೆಯುವಾಗ ಇನ್ನೊಮ್ಮೆ ಹೊಲಕ್ಕೆ ಇಳಿಯುತ್ತಾರೆ. ಅಡಿಪಾಯ, ಗೋಪುರ ಜೋಡಣೆ, ತಂತಿ ಎಳೆಯುವುದು, ಈ ಮೂರು ಹಂತಗಳಲ್ಲಿ ಆಗುವ ಬೆಳೆ ಹಾನಿಯನ್ನು ಬೇರೆ ಬೇರೆಯಾಗಿ ದಾಖಲಿಸಿ ಕೇಳಿ. ಓಡಾಟದ ದಾರಿ ಎಲ್ಲಿ ಎಂಬುದನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿಕೊಳ್ಳಿ, ಇಲ್ಲವಾದರೆ ಪ್ರತಿ ಚಾಲಕನೂ ತನಗೆ ಹತ್ತಿರವಾದ ದಾರಿಯನ್ನು ಮಾಡಿಕೊಳ್ಳುತ್ತಾನೆ.

ಭೂಮಾಪಕ:

ತೋಟಗಾರ್ತಿಯವರು ಕೇಳಿದ ಪ್ರಶ್ನೆಯೇ ಇಲ್ಲಿ ಅತ್ಯಂತ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ. ನ್ಯಾಯಾಲಯಕ್ಕೆ ಹೋದವರಲ್ಲಿ ಸೋಲುವವರು ಹೆಚ್ಚಾಗಿ ಕಾನೂನಿನ ಕೊರತೆಯಿಂದ ಸೋಲುವುದಿಲ್ಲ, ಕೆಲಸಕ್ಕೆ ಮುಂಚಿನ ಸ್ಥಿತಿಯ ದಾಖಲೆ ಇಲ್ಲದೆ ಸೋಲುತ್ತಾರೆ.

ಮೊದಲು ಪಹಣಿಯ ಬೆಳೆ ಕಾಲಂ ನೋಡಿ. ತೆಂಗು ಇರುವ ಜಮೀನಿನ ಪಹಣಿಯಲ್ಲಿ ಹಲವು ವರ್ಷಗಳಿಂದ ಬರೀ ರಾಗಿ ಎಂದು ನಮೂದಾಗಿದ್ದರೆ ಪರಿಹಾರದ ಸಮಯದಲ್ಲಿ ಅದನ್ನೇ ಮುಂದಿಡುತ್ತಾರೆ. ಬೆಳೆ ಸಮೀಕ್ಷೆಯಲ್ಲಿ ಸರಿಪಡಿಸಿಕೊಳ್ಳಲು ಈಗಲೇ ಅರ್ಜಿ ಕೊಡಿ. ಜಂಟಿ ಖಾತೆಯಿದ್ದು ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ಆಗಿಲ್ಲದಿದ್ದರೆ ಯಾರ ಭಾಗದಲ್ಲಿ ಗೋಪುರ ಬರುತ್ತದೆ ಎಂಬುದೇ ಅಣ್ಣತಮ್ಮಂದಿರ ನಡುವೆ ವಿವಾದವಾಗುತ್ತದೆ. ಹದ್ದುಬಸ್ತು, ಅಂದರೆ ಗಡಿಯ ಅಳತೆ ಮತ್ತು ಗುರುತು, ಮಾಡಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದಾಗಿ, ಜಂಟಿ ಮಹಜರು (ಎರಡೂ ಕಡೆಯವರ ಮುಂದೆ ಸ್ಥಳದಲ್ಲೇ ಬರೆಯುವ ಪರಿಶೀಲನಾ ವರದಿ) ಆಗದೆ ಒಂದು ಮರವನ್ನೂ ಕಡಿಯಬಾರದು ಎಂದು ಲಿಖಿತವಾಗಿ ಕೇಳಿ. ಮಹಜರಿನಲ್ಲಿ ಮರದ ಜಾತಿ, ಅಂದಾಜು ವಯಸ್ಸು, ಎದೆಮಟ್ಟದ ಸುತ್ತಳತೆ, ಫಸಲು ಕೊಡುತ್ತಿದೆಯೇ ಇಲ್ಲವೇ, ಅದರ ಮೇಲೆ ಬಳ್ಳಿ ಇದೆಯೇ ಎಂಬುದೆಲ್ಲ ಬರಬೇಕು. ಕೊಳವೆಬಾವಿ, ಹನಿ ನೀರಾವರಿಯ ಪೈಪು, ಕಲ್ಲುಕಟ್ಟಡದ ಬದು ಇವನ್ನೂ ಬರೆಸಿ. ಗ್ರಾಮದ ಇಬ್ಬರು ಪಂಚರ ಸಹಿ, ಕಂಪನಿಯ ಪ್ರತಿನಿಧಿಯ ಸಹಿ, ಕಂದಾಯ ಅಥವಾ ತೋಟಗಾರಿಕೆ ಇಲಾಖೆಯ ಸಿಬ್ಬಂದಿಯ ಸಹಿ ಇರಲಿ. ಪ್ರತಿಯನ್ನು ಅಲ್ಲಿಯೇ ಪಡೆದುಕೊಳ್ಳಿ. ಆಮೇಲೆ ಕಳಿಸುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಇದರ ಜೊತೆಗೆ ತಾವೇ ಪ್ರತಿ ಮರದ ಫೋಟೋ ತೆಗೆದು, ಬುಡದಲ್ಲಿ ಬರೆದ ಸಂಖ್ಯೆ ಮತ್ತು ಹಿನ್ನೆಲೆಯ ಗುರುತು ಕಾಣುವಂತೆ, ದಿನಾಂಕ ಮತ್ತು ಸ್ಥಳದ ಮಾಹಿತಿ ಉಳಿಯುವಂತೆ ಇಟ್ಟುಕೊಳ್ಳಿ.

ಇನ್ನು ಜಮೀನಿನ ಲೆಕ್ಕ. ಕೇಂದ್ರ ಇಂಧನ ಸಚಿವಾಲಯವು 2015ರ ಅಕ್ಟೋಬರಿನಲ್ಲಿ 66 ಕೆವಿ ಮತ್ತು ಮೇಲ್ಪಟ್ಟ ಮಾರ್ಗಗಳಿಗೆ ಮಾರ್ಗಸೂಚಿ ಹೊರಡಿಸಿ, ಗೋಪುರದ ತಳಕ್ಕೆ ಭೂಮಿಯ ಮೌಲ್ಯದ ಶೇ 85 ಮತ್ತು ತಂತಿಯ ಕಾರಿಡಾರಿಗೆ ಗರಿಷ್ಠ ಶೇ 15 ಪರಿಹಾರ ಎಂದು ಹೇಳಿತ್ತು. 2024ರ ಜೂನ್‌ನಲ್ಲಿ ಅದನ್ನು ಪರಿಷ್ಕರಿಸಿ ಗೋಪುರದ ತಳಕ್ಕೆ ಶೇ 200, ಕಾರಿಡಾರಿಗೆ ಶೇ 30 ಮಾಡಲಾಯಿತು. 2025ರ ಮಾರ್ಚ್‌ನ ಪೂರಕ ಮಾರ್ಗಸೂಚಿಯು ಕಾರಿಡಾರಿನ ಪ್ರಮಾಣವನ್ನು ಮಹಾನಗರ ಪ್ರದೇಶದಲ್ಲಿ ಶೇ 60, ಇತರ ನಗರ ಪ್ರದೇಶದಲ್ಲಿ ಶೇ 45 ಎಂದು ಹೆಚ್ಚಿಸಿ, ಗ್ರಾಮೀಣ ಪ್ರದೇಶಕ್ಕೆ ಶೇ 30 ಉಳಿಸಿತು. ಬೆಳೆ ಮತ್ತು ಮರಗಳ ಪರಿಹಾರ ಇದರ ಮೇಲೆ ಪ್ರತ್ಯೇಕ. ಆದರೆ ಇವು ಮಾರ್ಗಸೂಚಿಗಳು. ರಾಜ್ಯ ಸರ್ಕಾರ ತನ್ನ ಆದೇಶದ ಮೂಲಕ ಅಳವಡಿಸಿಕೊಂಡ ಮಟ್ಟಿಗೆ ರಾಜ್ಯದೊಳಗಿನ ಮಾರ್ಗಗಳಿಗೆ ಅನ್ವಯಿಸುತ್ತವೆ. ಆದ್ದರಿಂದ ತಮ್ಮ ಮಾರ್ಗಕ್ಕೆ ಯಾವ ಆದೇಶ ಜಾರಿಯಲ್ಲಿದೆ ಎಂಬುದನ್ನು ಜಿಲ್ಲಾಧಿಕಾರಿಗಳ ಕಚೇರಿಯಿಂದ ಬರವಣಿಗೆಯಲ್ಲೇ ಪಡೆಯಿರಿ.

ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ಪರಿಷ್ಕೃತ ಮಾರ್ಗಸೂಚಿಯಲ್ಲಿ ಗೋಪುರದ ತಳವೆಂದರೆ ನೆಲಮಟ್ಟದಲ್ಲಿ ನಾಲ್ಕು ಕಾಲುಗಳ ನಡುವಿನ ಜಾಗ ಮತ್ತು ಪ್ರತಿ ಬದಿಗೂ ಒಂದು ಮೀಟರ್ ಹೆಚ್ಚುವರಿ. ಉದಾಹರಣೆಗೆ ಕಾಲಿನಿಂದ ಕಾಲಿಗೆ 8 ಮೀಟರ್ ಇದ್ದರೆ ಲೆಕ್ಕ 8ರ ಮೇಲಲ್ಲ, 10 ಮೀಟರ್ ಚೌಕದ ಮೇಲೆ: 64 ಚದರ ಮೀಟರ್ ಬದಲು 100 ಚದರ ಮೀಟರ್, ಅಂದರೆ ಸುಮಾರು ಒಂದು ಗುಂಟೆ. ಹಾಗೆಯೇ 220 ಕೆವಿ ಮಾರ್ಗ ತಮ್ಮ ಹೊಲದಲ್ಲಿ 120 ಮೀಟರ್ ಉದ್ದ ಹಾದು ಹೋದರೆ ಕಾರಿಡಾರ್ 4,200 ಚದರ ಮೀಟರ್, ಒಂದು ಎಕರೆಗೂ ತುಸು ಹೆಚ್ಚು. ಗೋಪುರದ ಪರಿಹಾರ ಮಾತ್ರ ಕೊಟ್ಟು ಕಾರಿಡಾರಿನ ವಿಷಯ ಎತ್ತದೆ ಹೋಗುವುದು ಎಷ್ಟು ದೊಡ್ಡ ನಷ್ಟ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಬಯಲುಸೀಮೆ ಕೃಷಿಕ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾರಿಡಾರಿಗೂ ಪರಿಹಾರ ಇದೆ ಎಂಬುದನ್ನು ನಮ್ಮೂರಿನಲ್ಲಿ ಒಬ್ಬರೂ ಹೇಳಿರಲಿಲ್ಲ. ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ ಕೇಳಬೇಕಾಗಿದೆ. ನಮ್ಮ ಚಿಕ್ಕಪ್ಪನವರ ಜಮೀನಿನಲ್ಲಿ ಅನಿಲ ಪೈಪ್‌ಲೈನ್ ಹೋಗಲಿದೆ ಎಂದು ಗೆಜೆಟ್ ಪ್ರಕಟಣೆಯ ಪ್ರತಿ ಬಂದಿದೆ. ಅದಕ್ಕೂ ಇದೇ ಕಾನೂನು ಅನ್ವಯಿಸುತ್ತದೆಯೇ? ಆ ಜಮೀನಿನಲ್ಲಿ ಒಂದು ಬಾವಿ ತೋಡಿಸಬೇಕೆಂಬ ಯೋಚನೆ ಅವರಿಗಿತ್ತು.

ಜಿಲ್ಲಾ ನ್ಯಾಯಾಲಯದ ವಕೀಲ:

ಪೈಪ್‌ಲೈನಿಗೆ ಕಾನೂನು ಬೇರೆ, ಮತ್ತು ಅಲ್ಲಿ ದಿನಾಂಕ ಬಹಳ ಮುಖ್ಯ. 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್‌ಗಳ ಕಾಯ್ದೆಯ ಸೆಕ್ಷನ್ 3(1)ರಡಿ ಬರುವ ಪ್ರಕಟಣೆಯು ಬಳಕೆಯ ಹಕ್ಕನ್ನು ಪಡೆಯುವ ಉದ್ದೇಶವನ್ನು ಮಾತ್ರ ಹೇಳುತ್ತದೆ. ಅದರಿಂದ 21 ದಿನಗಳ ಒಳಗೆ ಸಕ್ಷಮ ಪ್ರಾಧಿಕಾರಕ್ಕೆ (ಈ ಕೆಲಸಕ್ಕೆ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಗೆ) ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಮತ್ತು ಆಕ್ಷೇಪಣೆ ಸಲ್ಲಿಸಿದವರನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಕೇಳಲೇಬೇಕು. ಆಮೇಲೆ ಸೆಕ್ಷನ್ 6ರ ಘೋಷಣೆಯಾದಾಗ ಬಳಕೆಯ ಹಕ್ಕು ಹಸ್ತಾಂತರವಾಗುತ್ತದೆ. ಚಿಕ್ಕಪ್ಪನವರ ಪ್ರತಿಯಲ್ಲಿ ಯಾವ ಸೆಕ್ಷನ್ ನಮೂದಾಗಿದೆ, ದಿನಾಂಕ ಏನು ಎಂಬುದನ್ನು ಇಂದೇ ನೋಡಿ.

ಈ ಕಾಯ್ದೆಯಲ್ಲಿ ಮಾಲೀಕರಿಗೆ ಅನುಕೂಲವಾದ ಒಂದು ಸ್ಪಷ್ಟ ನಿರ್ಬಂಧ ಇದೆ. ಪ್ರಕಟಣೆಗೆ ಮುಂಚೆ ವಾಸಕ್ಕೆ ಬಳಸುತ್ತಿದ್ದ ಜಮೀನಿನಲ್ಲಿ, ಶಾಶ್ವತ ಕಟ್ಟಡವಿದ್ದ ಜಾಗದಲ್ಲಿ, ಮನೆಗೆ ಸೇರಿದ ಹಿತ್ತಲಿನಂಥ ಜಾಗದಲ್ಲಿ ಪೈಪು ಹಾಕುವಂತಿಲ್ಲ. ಎಲ್ಲಿಯೇ ಹಾಕಿದರೂ ನೆಲಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಹಾಕುವಂತಿಲ್ಲ. ಉಳುಮೆ ಮಾಡುವವರಿಗೆ ಈ ಒಂದು ಮೀಟರ್ ತುಂಬ ಮುಖ್ಯವಾದದ್ದು. ಕಂದಕ ಮುಚ್ಚುವ ಮೊದಲು ಆಳವನ್ನು ಅಳತೆ ಪಟ್ಟಿ ಕಾಣುವಂತೆ ಫೋಟೋ ತೆಗೆಸಿಕೊಳ್ಳಿ.

ಪೈಪು ಹಾಕಿದ ಮೇಲೆ ಆ ಪಟ್ಟಿಯಲ್ಲಿ ಮೊದಲಿನಂತೆ ಬೆಳೆ ಬೆಳೆಯಬಹುದು. ಆದರೆ ಕಟ್ಟಡ ಕಟ್ಟುವುದು, ಬಾವಿ, ಕೆರೆ, ಒಡ್ಡು ಮಾಡುವುದು, ಮರ ನೆಡುವುದು ನಿಷಿದ್ಧ. ಆದ್ದರಿಂದ ಬಾವಿಯ ಯೋಚನೆಯನ್ನು ಆಕ್ಷೇಪಣೆಯಲ್ಲೇ ಬರೆದು, ಪಟ್ಟಿಯನ್ನು ಸರಿಸಲು ಕೋರಿಕೆ ಸಲ್ಲಿಸಬೇಕು. ಪರಿಹಾರದಲ್ಲಿ ಎರಡು ಭಾಗ: ಸರ್ವೆ, ಕಾಮಗಾರಿ, ನಿರ್ವಹಣೆ ಈ ಎಲ್ಲದರಿಂದ ಆಗುವ ವಾಸ್ತವ ಹಾನಿಗೆ ಒಂದು, ಬಳಕೆಯ ಹಕ್ಕಿಗಾಗಿ ಪ್ರಕಟಣೆಯ ದಿನದ ಮಾರುಕಟ್ಟೆ ಮೌಲ್ಯದ ಶೇ 10 ಇನ್ನೊಂದು. ಬಾವಿಯನ್ನಾಗಲಿ ಮನೆಯನ್ನಾಗಲಿ ಎಂದಿಗೂ ಕಟ್ಟದಂತೆ ಮಾಡುವ ನಿರ್ಬಂಧಕ್ಕೆ ಶೇ 10 ತೀರಾ ಕಡಿಮೆ ಎಂಬುದು ನನ್ನ ದೃಢ ಅಭಿಪ್ರಾಯ, ಆದರೆ ಕಾಯ್ದೆ ಇರುವುದು ಹಾಗೆ. ಸಕ್ಷಮ ಪ್ರಾಧಿಕಾರ ನಿಗದಿಪಡಿಸಿದ ಮೊತ್ತ ಒಪ್ಪಿಗೆಯಾಗದಿದ್ದರೆ ಇಲ್ಲಿಯೂ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಪಟ್ಟಣದ ನಿವಾಸಿ:

ಪಟ್ಟಣದಲ್ಲಿ ಚಿಕ್ಕ ನಿವೇಶನ ಇರುವವರ ಕಡೆಯಿಂದ ಒಂದು ಪ್ರಶ್ನೆ. ವಿದ್ಯುತ್ ಸರಬರಾಜು ಕಂಪನಿಯವರು ನಮ್ಮ ಕಾಂಪೌಂಡಿನೊಳಗೆ ಯಾವಾಗ ಬೇಕಾದರೂ ಬರಬಹುದೇ? ಹಾಗೆಯೇ, ಮೊಬೈಲ್ ಕಂಪನಿಯವರು ನಮ್ಮ ಖಾಲಿ ನಿವೇಶನದ ಅಂಚಿನಲ್ಲಿ ಕೇಬಲ್ ಹಾಕಲು ಕೇಳಿದ್ದಾರೆ. ನಿರಾಕರಿಸಬಹುದೇ?

ಜಿಲ್ಲಾ ನ್ಯಾಯಾಲಯದ ವಕೀಲ:

ಈಗಾಗಲೇ ಸಂಪರ್ಕ ಇರುವ ಅಥವಾ ಕಾನೂನುಬದ್ಧವಾಗಿ ತಂತಿ ಹಾಕಿರುವ ಸ್ಥಳಕ್ಕೆ, ಪರಿಶೀಲನೆ ಮತ್ತು ದುರಸ್ತಿಗಾಗಿ, ಸೂಕ್ತ ಸಮಯದಲ್ಲಿ, ತಮಗೆ ತಿಳಿಸಿ ಬರಲು 2003ರ ಕಾಯ್ದೆಯ ಸೆಕ್ಷನ್ 163 ಅವಕಾಶ ಕೊಡುತ್ತದೆ. ತಾವು ಬಿಡದಿದ್ದರೆ ಲಿಖಿತ ನೋಟಿಸ್ ಕೊಟ್ಟು 24 ಗಂಟೆ ಕಳೆದ ಮೇಲೆ ಸಂಪರ್ಕ ಕಡಿತ ಮಾಡಬಹುದು. ಆದರೆ ಇದು ದುರಸ್ತಿಗೆ ಇರುವ ಅಧಿಕಾರ. ಇದೇ ನೆಪದಲ್ಲಿ ಹೊಸ ಕಂಬವನ್ನೋ ಟ್ರಾನ್ಸ್‌ಫಾರ್ಮರನ್ನೋ ತಮ್ಮ ಕಾಂಪೌಂಡಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಅದಕ್ಕೆ ನಾನು ಮೊದಲು ಹೇಳಿದ 3ನೇ ನಿಯಮದ ಒಪ್ಪಿಗೆಯ ದಾರಿ ಹಿಡಿಯಬೇಕು.

ಕೇಬಲ್ ವಿಷಯ 2023ರ ದೂರಸಂಪರ್ಕ ಕಾಯ್ದೆಯಡಿ ಬರುತ್ತದೆ. ಖಾಸಗಿ ಆಸ್ತಿಯಾದರೆ ಕಂಪನಿ ಮಾಲೀಕರಿಗೆ ಅರ್ಜಿ ಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕು. ಒಪ್ಪಂದ ಆಗದಿದ್ದರೆ, ಸಾರ್ವಜನಿಕ ಹಿತಕ್ಕೆ ಅಗತ್ಯ ಎಂದು ಕೇಂದ್ರ ಸರ್ಕಾರ ತೀರ್ಮಾನಿಸಿದ ಸಂದರ್ಭದಲ್ಲಿ ಮಾತ್ರ ಮುಂದಿನ ಕ್ರಮ. ತಮಗೆ ಚೌಕಾಸಿ ಮಾಡಲು ಇಲ್ಲಿ ಹೆಚ್ಚು ಜಾಗವಿದೆ. ಅವಧಿ, ಬಾಡಿಗೆ, ಮನೆ ಕಟ್ಟುವಾಗ ಕೇಬಲ್ ಸ್ಥಳಾಂತರಿಸುವ ಖರ್ಚು ಯಾರದು ಎಂಬುದನ್ನೆಲ್ಲ ಬರೆಸಿಕೊಳ್ಳಿ.

ತೋಟಗಾರ್ತಿ:

ಮುಂದೆ ಕಟ್ಟುವ ಮನೆಯ ಮಾತು ಬಂದದ್ದರಿಂದ ಕೇಳುತ್ತೇನೆ. ಪ್ರಸರಣ ತಂತಿಯ ವಿಷಯದಲ್ಲಿಯೂ ಸ್ಥಳಾಂತರ ಕೇಳಲು ಅವಕಾಶವಿದೆಯೇ? ಮತ್ತು ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತರುವ ವಿಷಯವನ್ನು ಯಾರೂ ಹೇಳಲಿಲ್ಲ. ನಮ್ಮ ಕಡೆ ಎಲ್ಲರೂ ಮೊದಲು ಓಡುವುದು ಅದಕ್ಕೇ.

ಜಿಲ್ಲಾ ನ್ಯಾಯಾಲಯದ ವಕೀಲ:

ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 17 ಸ್ಥಳಾಂತರದ ಬಗ್ಗೆಯೇ ಇದೆ. ಮಾಲೀಕರು ಜಮೀನನ್ನು ಹೊಸ ರೀತಿಯಲ್ಲಿ ಬಳಸಬೇಕಾಗಿ ಬಂದು, ಅದಕ್ಕೆ ಮಾರ್ಗ ಸರಿಸುವುದು ಅಗತ್ಯವಾದರೆ ಕೋರಿಕೆ ಸಲ್ಲಿಸಬಹುದು. ಮೊದಲು ಪರಿಹಾರ ಪಡೆದಿದ್ದರೆ ಸ್ಥಳಾಂತರದ ಖರ್ಚು ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆಯಾದದ್ದನ್ನು ಮುಂದಿಡಬೇಕು. ಕಂಪನಿ ಒಪ್ಪದಿದ್ದರೆ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ. ದೊಡ್ಡ ಗೋಪುರಗಳ ಮಟ್ಟಿಗೆ ಇದು ಕಷ್ಟದ ದಾರಿ ಎಂಬುದನ್ನು ಮುಚ್ಚಿಡುವುದಿಲ್ಲ.

ತಡೆಯಾಜ್ಞೆಯ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. 2018ರ ತಿದ್ದುಪಡಿಯಿಂದ ನಿರ್ದಿಷ್ಟ ಪರಿಹಾರ ಕಾಯ್ದೆಗೆ (ಸ್ಪೆಸಿಫಿಕ್ ರಿಲೀಫ್ ಆಕ್ಟ್) ಸೇರಿದ ಸೆಕ್ಷನ್ 41(ಎಚ್‌ಎ) ಪ್ರಕಾರ, ಮೂಲಸೌಕರ್ಯ ಯೋಜನೆಯ ಪ್ರಗತಿಗೆ ಅಡ್ಡಿಯಾಗುವಂಥ ತಡೆಯಾಜ್ಞೆಯನ್ನು ನ್ಯಾಯಾಲಯ ಕೊಡುವಂತಿಲ್ಲ, ಮತ್ತು ವಿದ್ಯುತ್ ಪ್ರಸರಣ ಆ ಪಟ್ಟಿಯಲ್ಲಿದೆ. ಇದು ಗೊತ್ತಿಲ್ಲದೆ ರೈತರು ಹಣ, ಸಮಯ ಎರಡನ್ನೂ ಅಲ್ಲಿ ಸುರಿಯುತ್ತಾರೆ. ಅಷ್ಟರಲ್ಲಿ ಮಹಜರು ಆಗದೆಯೇ ಮರ ಉರುಳಿರುತ್ತದೆ. ಸೆಕ್ಷನ್ 164ರ ಆದೇಶವೇ ಇಲ್ಲದಿದ್ದರೆ, ಅಥವಾ ಆದೇಶದಲ್ಲಿರುವ ಮಾರ್ಗ ಬಿಟ್ಟು ಬೇರೆ ಕಡೆ ಹೋಗುತ್ತಿದ್ದರೆ, ಹೈಕೋರ್ಟಿನಲ್ಲಿ ರಿಟ್ ಅರ್ಜಿಗೆ ಬಲವಿದೆ. ಸಂವಿಧಾನದ 300ಎ ವಿಧಿಯಡಿ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ವಿಧಿಯನ್ನು ವಿವರಿಸುತ್ತ, ನೋಟಿಸ್ ಪಡೆಯುವ, ಅಹವಾಲು ಹೇಳಿಕೊಳ್ಳುವ, ಕಾರಣಸಹಿತ ಆದೇಶ ಪಡೆಯುವ, ನ್ಯಾಯಯುತ ಪರಿಹಾರ ಪಡೆಯುವ ಹಕ್ಕುಗಳೂ ಅದರ ಭಾಗವೆಂದು ಹೇಳಿದೆ. ಅದು ಭೂಸ್ವಾಧೀನದ ಪ್ರಕರಣವಾದರೂ ಜಿಲ್ಲಾಧಿಕಾರಿಗಳ ಮುಂದೆ ಆಕ್ಷೇಪಣೆ ಬರೆಯುವಾಗ ಉಲ್ಲೇಖಿಸಲು ಯೋಗ್ಯವಾಗಿದೆ.

ಬಯಲುಸೀಮೆ ಕೃಷಿಕ:

ಇಲ್ಲಿ ಬಂದ ಮಾಹಿತಿಯ ಆಧಾರದ ಮೇಲೆ ಪತ್ರ ಸಿದ್ಧಪಡಿಸಿದ್ದೇವೆ. ಆದೇಶದ ಪ್ರತಿ, ಅನುಮೋದಿತ ಮಾರ್ಗದ ನಕ್ಷೆ, ಜಂಟಿ ಮಹಜರಿನ ದಿನಾಂಕ, ಕಾರಿಡಾರಿನ ಪರಿಹಾರಕ್ಕೆ ಅನ್ವಯಿಸುವ ಸರ್ಕಾರಿ ಆದೇಶ, ಇವನ್ನು ಕೇಳಿದ್ದೇವೆ. ಗೋಪುರವನ್ನು ಬದುವಿನ ಕಡೆಗೆ ಸರಿಸುವಂತೆ ನಕ್ಷೆ ಬರೆದು ಲಗತ್ತಿಸಿದ್ದೇವೆ. ಪಕ್ಕದ ಹೊಲಗಳ ಮಾಲೀಕರೂ ಒಟ್ಟಾಗಿ ಸಹಿ ಮಾಡಲು ಒಪ್ಪಿದ್ದಾರೆ. ಒಂದೇ ಒಂದು ಸಂದೇಹ ಉಳಿದಿದೆ: ಗೋಪುರ ಬರುವ ಹಿಸ್ಸಾವನ್ನು ಈಗ ಕೋರು (ಫಸಲಿನ ಪಾಲಿನ ಕರಾರು) ಮೇಲೆ ಬೇರೊಬ್ಬರು ಸಾಗುವಳಿ ಮಾಡುತ್ತಿದ್ದಾರೆ. ಪೈರಿನ ಪರಿಹಾರ ಯಾರಿಗೆ ಸೇರಬೇಕು?

ಜಿಲ್ಲಾ ನ್ಯಾಯಾಲಯದ ವಕೀಲ:

ಪೈರು ಬೆಳೆದವರಿಗೆ ಸೇರಬೇಕು. ಸೆಕ್ಷನ್ 10ರಲ್ಲಿರುವುದು ಮಾಲೀಕರಿಗೆ ಪರಿಹಾರ ಎಂದಲ್ಲ, ಹಿತಾಸಕ್ತಿಯುಳ್ಳ ಎಲ್ಲರಿಗೂ ಪರಿಹಾರ ಎಂದು. ಹಂಚಿಕೆಯಲ್ಲಿ ವಿವಾದವಾದರೆ ಸೆಕ್ಷನ್ 16(4)ರಡಿ ಕಂಪನಿ ಹಣವನ್ನು ಜಿಲ್ಲಾ ನ್ಯಾಯಾಲಯದಲ್ಲಿ ಠೇವಣಿ ಇಡಬಹುದು, ಆಮೇಲೆ ಯಾರಿಗೂ ಬೇಗ ಸಿಗುವುದಿಲ್ಲ. ಕೋರಿನ ಕರಾರಿನಲ್ಲಿ ಪಾಲು ಹೇಗಿದೆಯೋ ಹಾಗೆ ಬೆಳೆ ಪರಿಹಾರ, ಮತ್ತು ಭೂಮಿ ಹಾಗೂ ಮರಗಳ ಪರಿಹಾರ ತಮಗೆ ಎಂದು ಇಬ್ಬರೂ ಈಗಲೇ ಬರೆದುಕೊಂಡು, ಮಹಜರಿನಲ್ಲಿ ಸಾಗುವಳಿದಾರರ ಹೆಸರನ್ನೂ ಬರೆಸಿ.

ನಿವೃತ್ತ ಪ್ರಸರಣ ಇಂಜಿನಿಯರ್:

ಇನ್ನೊಂದು ಮಾತು ಸೇರಿಸುತ್ತೇನೆ. ತಾವು ಬರೆದ ನಕ್ಷೆಯಲ್ಲಿ ಗೋಪುರವನ್ನು ಗೆರೆಯಿಂದ ಪಕ್ಕಕ್ಕೆ ಸರಿಸಿ ತೋರಿಸಿದ್ದರೆ ಅದನ್ನು ತಿದ್ದಿ, ಗೆರೆಯ ಮೇಲೆಯೇ ಹಿಂದೆ ಅಥವಾ ಮುಂದೆ ಸರಿಸಿ ತೋರಿಸಿ. ಬದುವಿನಿಂದ ಈಗಿನ ಗೂಟಕ್ಕೆ ಎಷ್ಟು ಮೀಟರ್ ಎಂಬುದನ್ನು ಅಳೆದು ಬರೆಯಿರಿ. ಗೋಪುರದ ಸಂಖ್ಯೆ ಕೆಂಪು ಬಣ್ಣ ಬಳಿದ ಕಲ್ಲಿನ ಮೇಲೆ ಅಥವಾ ಗೂಟದ ಮೇಲೆ ಇರುತ್ತದೆ, ಅದನ್ನು ಪತ್ರದ ವಿಷಯದ ಸಾಲಿನಲ್ಲೇ ನಮೂದಿಸಿ. ಪತ್ರವನ್ನು ಗುತ್ತಿಗೆದಾರರಿಗೆ ಕೊಡಬೇಡಿ. ಮಾರ್ಗ ಬದಲಿಸುವ ಅಧಿಕಾರ ಅವರಿಗಿಲ್ಲ. ಕಂಪನಿಯ ಆ ವಿಭಾಗದ ಕಾರ್ಯನಿರ್ವಾಹಕ ಇಂಜಿನಿಯರ್ ಕಚೇರಿಗೆ ಕೊಟ್ಟು ಒಳಬರುವ ಪತ್ರಗಳ ಸಂಖ್ಯೆ ಹಾಕಿಸಿಕೊಳ್ಳಿ.